ಕರಿಬಸಮ್ಮ ಕಣ್ಣುಬಿಟ್ಟು ಮಾಡಿದ ಪ್ರಾರ್ಥನೆ

ಜನ್ನಾಪುರದ ಕರಿಬಸಮ್ಮನಿಗೆ ಓದು ಬರಹ ಬಾರದು. ಹಾಗಾಗಿ ದೇವರ ಜೊತೆ ಅವಳದು ಬರೀ ಮಾತಿನ ವ್ಯವಹಾರ. ಓಲ್ಡ್ ಟೌನಿನ ಒಂದು ಪುಟ್ಟ ಪ್ರಾರ್ಥನಾ ಮನೆಗೆ ಅವಳು ಹೋಗತೊಡಗಿದ್ದು ತೊಂಬತ್ತೆರಡನೇ ಇಸವಿಯಲ್ಲಿ, ಮೂರನೇ ಬಸಿರೂ ಇಳಿದುಹೋದ ಮೇಲೆ. ಯೇಸುವಿಗೆ ದಿನವೂ ಹೇಳಿಕೊ, ಏನನ್ನೂ ಮುಚ್ಚಿಡಬೇಡ ಎಂದು ಅಲ್ಲಿ ಕಲಿಸಿದರು. ಈ ಪುಣ್ಯಾತ್ಗಿತ್ತಿ ಅದನ್ನು ಹೇಳಿದ ಹಾಗೇ ನಂಬಿದಳು. ಬೆಳಗ್ಗೆ ಐದಕ್ಕೆ ನಲ್ಲಿ ನೀರು ಹಿಡಿದಿಟ್ಟು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕಣ್ಣುಮುಚ್ಚಿ, ನಿನ್ನೆ ಬೇಳೆ ಸೀದದ್ದರಿಂದ ಹಿಡಿದು ಎಲ್ಲವನ್ನೂ ಒಪ್ಪಿಸುತ್ತಿದ್ದಳು, ತವರಿಗೆ ಬಂದ ಮಗಳು ಅಪ್ಪನಿಗೆ ಹೇಳಿಕೊಂಡ ಹಾಗೆ.

ಗಂಡ ಭೈರಪ್ಪ ಕಬ್ಬಿಣದ ಕಾರ್ಖಾನೆಯ ಕೆಲಸಗಾರ. ಮನೆದೇವರನ್ನು ಬಿಟ್ಟವಳೆಂದು ಬಲಗೈಯಲ್ಲಿ ಬಾರಿಸುತ್ತಿದ್ದ. ಕುಡಿತದ ಚಟವೂ ಇರಲಿಲ್ಲ. ಚೆನ್ನಾಗಿ ಎಚ್ಚರವಿದ್ದೇ ಹೊಡೆಯುತ್ತಿದ್ದ. ತೊಂಬತ್ತೆಂಟರ ಒಂದು ಬೆಳಗ್ಗೆ, ತುಟಿ ಒಡೆದುಕೊಂಡು ಕಲ್ಲಿನ ಮೇಲೆ ಕೂತವಳು ಏನನ್ನೂ ಮುಚ್ಚಿಡದೆ ಕೇಳಿದಳು: "ಅಪ್ಪಾ, ಆ ಕೈ ಬಿದ್ದೋಗ್ಲಿ."

ಹದಿನಾರು ದಿನಕ್ಕೆ ಭೈರಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು.

ಪ್ರಾರ್ಥನಾ ಮನೆಯಲ್ಲಿ ಭಾನುವಾರ ಸಾಕ್ಷಿ ಹೇಳುವ ಪದ್ಧತಿ. ದೇವರು ತನಗೇನು ಮಾಡಿದನೆಂದು ಎದ್ದು ನಿಂತು ಸಭೆಗೆ ತಿಳಿಸಬೇಕು. ಕರಿಬಸಮ್ಮ ಎದ್ದು ತಾನು ಕೇಳಿದ್ದನ್ನೂ ಆಮೇಲೆ ಆದದ್ದನ್ನೂ ಹೇಳಿಬಿಟ್ಟಳು. ಹೇಳಿದರೆ ಪಾಪ ತೊಳೆದುಹೋದೀತೆಂಬ ಆಸೆ. ಸಭೆ ಚಪ್ಪಾಳೆ ತಟ್ಟಿತು.

ಅಷ್ಟಕ್ಕೇ ಬಿಟ್ಟರೆ? ಪಾಸ್ಟರ್ ಯೋಗರಾಜ್ ಹತ್ತು ಜನರನ್ನು ಕಟ್ಟಿಕೊಂಡು ಮನೆಗೇ ಬಂದರು. ಮಂಚದ ಬಳಿ ನಿಂತು, ಮಲಗಿದವನ ಬಿದ್ದ ಕೈ ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡು ಭೈರಪ್ಪ, ನಿನ್ನ ಹೆಂಡ್ತಿ ಕೇಳಿದ್ಲು, ಕರ್ತನು ಮುರಿದ."

ಗಾಯದ ಮೇಲೆ ಬರೆ ಎಳೆಯಲು ಅಷ್ಟು ಮಂದಿ ಬೇಕಿತ್ತೇ? ಭೈರಪ್ಪನ ಕಿವಿ ಚೆನ್ನಾಗೇ ಕೇಳುತ್ತಿತ್ತು.

ಅಂದಿನಿಂದ ಅವನು ಅವಳ ಕೈಯ ಗಂಜಿ ಮುಟ್ಟಲಿಲ್ಲ. ಅವಳು ಕಣ್ಣು ಮುಚ್ಚಿದರೆ ಸಾಕು, ಉಳಿದೊಂದು ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಸರಿಯುತ್ತಿದ್ದ. ಹಿತ್ತಲಿಗೆ ಹೋದರೆ ಬೀದಿಗೆಲ್ಲ ಕೇಳುವಂತೆ ಊಳಿಡುತ್ತಿದ್ದ. ಪಕ್ಕದ ಮನೆಯ ಶೀಲಾ ಬಂದು ಉಣಿಸಬೇಕಾಯಿತು. ಪ್ರಾರ್ಥನೆ ಬಿಟ್ಟುಬಿಡು ಮಾರಾಯ್ತಿ, ಹೆದರಿಕೆಗೇ ಸತ್ತುಹೋಗುತ್ತಾರೆ ಅವರು ಎಂದು ಅವಳೇ ಹೇಳಿದಳು.

ಅತ್ತ ದರಿ, ಇತ್ತ ಪುಲಿ. ದೇವರ ಹತ್ತಿರ ಹೋಗದಿದ್ದರೆ ಅವಳಿಗೆ ಬೇರೆ ದಿಕ್ಕಿಲ್ಲ, ಹೋದರೆ ಗಂಡ ಉಳಿಯುವುದಿಲ್ಲ. ಮೇಲಾಗಿ ಅವಳಿಗೇ ಈಗ ದೇವರೆಂದರೆ ಭಯ. ಮಗಳು ಸಿಟ್ಟಿನಲ್ಲಿ ಕೇಳಿದ್ದನ್ನೆಲ್ಲ ಕೊಡುವವನು ಎಂಥ ಅಪ್ಪ? ಒಂಬತ್ತು ದಿನ ಕಲ್ಲಿನ ಕಡೆ ಸುಳಿಯಲಿಲ್ಲ. ಆ ಒಂಬತ್ತು ದಿನ ಹೇಳಿಕೊಳ್ಳಲು ಯಾರೂ ಇಲ್ಲದೆ ಒಳಗೊಳಗೇ ಬೆಂದಳು.

ಹತ್ತನೆಯ ದಿನ ಐದಕ್ಕೆ ಮಂಚದ ಎದುರೇ ನೆಲದ ಮೇಲೆ ಕೂತಳು. ಕಣ್ಣು ಮುಚ್ಚಲಿಲ್ಲ. ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಅಪ್ಪಾ, ಇವ್ರ ಕೈ ಬೀಳ್ಲಿ ಅಂತ ಕೇಳ್ದವಳು ನಾನೇ. ನೀನು ಮಾಡಿದ್ಯೋ ಇಲ್ವೋ ನಂಗೊತ್ತಿಲ್ಲ. ಆ ಮಾತು ವಾಪಸ್ ತಗೋತೀನಿ. ಇವ್ರಿಗೆ ಕೈ ಕೊಡು. ಆ ಕೈಲಿ ಮತ್ತೆ ಹೊಡೆದ್ರೂ ಹೊಡೀಲಿ."

ಭಾನುವಾರ ಇದನ್ನೇ ಸಭೆಯಲ್ಲೂ ಹೇಳಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ದೇವರ ಕೆಲಸವನ್ನು ಅಲ್ಲಗಳೆದವಳೆಂದು ಅವಳನ್ನು ಸಭೆಗೆ ಕರೆಯುವುದನ್ನೇ ಬಿಟ್ಟರು.

ಕೈ ಬರಲಿಲ್ಲ. ಭೈರಪ್ಪ ನಾಲ್ಕು ವರ್ಷ ಹಾಗೇ ಬಿದ್ದುಕೊಂಡಿದ್ದ. ಮೈ ಒರೆಸಿದ್ದು, ಹೇಲುಚ್ಚೆ ಬಾಚಿದ್ದು ಅವಳೇ. ಆದರೂ ಒಂದು ತುತ್ತನ್ನೂ ಅವನು ಅವಳ ಕೈಯಿಂದ ತಿನ್ನಲಿಲ್ಲ, ಉಣಿಸಲು ಶೀಲಾಳೇ ಬರಬೇಕಿತ್ತು. ಅವಳು ದಿನಾ ಐದಕ್ಕೆ ಅದೇ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅವಳಿಗೆ ಜ್ವರ ಬಂದು ಏಳಲಾಗಲಿಲ್ಲ. ಐದು ದಾಟಿತು. ಭೈರಪ್ಪ ಎಡಗೈಗೆ ಸ್ಟೀಲ್ ಲೋಟ ಎತ್ತಿಕೊಂಡು ಮಂಚದ ಕಂಬಿಗೆ ಬಡಿಯತೊಡಗಿದ, ಅವಳು ತೆವಳಿಕೊಂಡು ಬಂದು ಕೂರುವವರೆಗೂ ಬಡಿದ. ಭಕ್ತಿ ಉಕ್ಕಿತೆಂದು ತಿಳಿಯಬೇಡಿ. ತನ್ನ ವಿಷಯ ಇವಳು ದೇವರಿಗೆ ಏನು ಹೇಳುತ್ತಾಳೆಂದು ಕೇಳಿಸಿಕೊಳ್ಳದೆ ಒಂದು ದಿನ ಕಳೆಯುವ ಧೈರ್ಯವೂ ಅವನಿಗಿರಲಿಲ್ಲ.

ಕರಿಬಸಮ್ಮ ಜ್ವರದ ಚಳಿಗೆ ಹಲ್ಲು ಕಟಕಟಿಸುತ್ತ, ಅವನ ಕಣ್ಣನ್ನೇ ನೋಡುತ್ತ, "ಅಪ್ಪಾ, ಇವ್ರಿಗೆ ಕೈ ಕೊಡು" ಎಂದಳು. ಆಮೇಲೆಯೇ ಅವನು ಲೋಟ ಕೆಳಗಿಟ್ಟದ್ದು.