ಹಲ್ಲು ಕಡಿಯುವ ಸೊಸೆ

ಮದುವೆಯಾಗಿ ಇಳಕಲ್ಲಿಗೆ ಬರುವವರೆಗೂ ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಗಂಡನಿಗೆ ಬಾಗಲಕೋಟೆಯಲ್ಲಿ ನೌಕರಿ, ಮನೆಗೆ ಬರುವುದು ರವಿವಾರಕ್ಕೊಮ್ಮೆ. ಉಳಿದ ದಿನ ಪಡಸಾಲೆಯಲ್ಲಿ ಅತ್ತೆಯ ಪಕ್ಕ ನನ್ನ ಹಾಸಿಗೆ. ಹಗಲೆಲ್ಲ ಓಣಿಯ ತುಂಬ ಮಗ್ಗದ ಸಪ್ಪಳ. ಅವು ಸುಮ್ಮನಾದ ಮೇಲೆ ನನ್ನದು ಶುರು. ಒಂದು ಮುಂಜಾನೆ ಮಾವ ಅತ್ತೆಯನ್ನು ತರಾಟೆಗೆ ತೆಗೆದುಕೊಂಡರು, ಹೊಸ ಸೊಸೆಯ ಕೈಲಿ ಸರಹೊತ್ತಿನಲ್ಲಿ ಬೀಸುಕಲ್ಲು ತಿರುಗಿಸುತ್ತೀಯಲ್ಲ, ಮಂದಿ ಏನೆಂದಾರು ಎಂದು. ಅತ್ತೆ ನನ್ನ ಕಡೆ ನೋಡಿದರು. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಅಂದಿನಿಂದ ಉಪಚಾರ ಶುರುವಾಯಿತು. ಹೊಟ್ಟೆಯಲ್ಲಿ ಜಂತು ಎಂದರು ಎದುರು ಮನೆಯವರು, ಔಡಲೆಣ್ಣೆ ಕುಡಿಸಿದ್ದಾಯಿತು. ಜಂತು ಬೀಳಲಿಲ್ಲ, ಇದ್ದಬದ್ದ ಶಕ್ತಿ ಮಾತ್ರ ಹೋಯಿತು. ಬೆಳಗ್ಗೆ ಎದ್ದರೆ ದವಡೆ ಬಿಗಿದುಕೊಂಡಿರುತ್ತಿತ್ತು, ಖಡಕ್ ರೊಟ್ಟಿಯ ಒಂದು ಚೂರು ಅಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ಕೊನೆಗೆ ಅತ್ತೆಯೇ ನನ್ನನ್ನು ಬಾಗಲಕೋಟೆಯ ಹಲ್ಲಿನ ಡಾಕ್ಟರರ ಹತ್ತಿರ ಕರೆದೊಯ್ದರು. ತುಟಿ ಮುಚ್ಚಿರಲಿ, ಒಳಗೆ ಹಲ್ಲಿಗೆ ಹಲ್ಲು ತಾಗದಿರಲಿ, ದವಡೆಗೆ ಶಾಖ ಕೊಡಿ, ಮೆತ್ತಗಿನದು ಉಣ್ಣಲಿ ಎಂದರು ಡಾಕ್ಟರರು. ಚಿಂತೆಯಿಂದಲೂ ಹೀಗಾಗುತ್ತದೆ, ಕೆಲ ದಿನ ತವರಿಗೆ ಕಳಿಸಿದರೆ ಒಳ್ಳೆಯದು ಎಂದೂ ಸೇರಿಸಿದರು. ಅದೊಂದು ಹೇಳದಿದ್ದರೆ ಆ ಪುಣ್ಯಾತ್ಮನದೇನು ಹೋಗುತ್ತಿತ್ತು?

ಹಿಂದಿನ ಓಣಿಯ ಸೊಸೆಯೊಬ್ಬಳನ್ನು ಹೋದ ವರ್ಷ ಹೀಗೆಯೇ, ಆರಾಮಾಗಿ ಬಾ ಎಂದು, ಪಂಚಮಿ ಹಬ್ಬಕ್ಕೆ ತವರಿಗೆ ಕಳಿಸಿದ್ದರು. ಮರಳಿ ಕರೆತರಲು ಯಾರೂ ಹೋಗಲಿಲ್ಲ. ಈ ವರ್ಷದ ಪಂಚಮಿ ಹತ್ತಿರ ಬರುತ್ತಿತ್ತು. ಓಣಿಯ ಬೇರೆ ಸೊಸೆಯಂದಿರು ಕರೆಯಲು ಬರುವ ಅಣ್ಣತಮ್ಮಂದಿರ ದಾರಿ ಕಾಯುತ್ತಿದ್ದರೆ, ನನ್ನ ಅಣ್ಣನಿಗೆ ಬಸ್ಸು ತಪ್ಪಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಅತ್ತೆಯ ಮಾತು ಮೊದಲೇ ಕಡಿಮೆ. ದಿನಾ ಮಲಗುವ ಮುಂಚೆ ಹಂಚಿನ ಮೇಲೆ ಉಪ್ಪು ಹುರಿದು, ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ನನ್ನ ದವಡೆಗೆ ಒತ್ತುತ್ತಿದ್ದರು. ಹಲ್ಲಿಲ್ಲದ ಮುದುಕರಿಗೆ ಕೊಡುವಂತೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದರು. ಇದೆಲ್ಲ ಸಾಗಹಾಕುವ ಮುಂಚಿನ ಉಪಚಾರವೆಂದೇ ನಾನು ತಿಳಿದೆ. ಹೆದರಿಕೆ ಹೆಚ್ಚಾಯಿತು, ಹಲ್ಲು ಕಡಿಯುವುದೂ ಹೆಚ್ಚಾಯಿತು.

ಅಣ್ಣ ಬಾದಾಮಿಯಿಂದ ಬಂದೇಬಿಟ್ಟ. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಬರುವುದಿಲ್ಲ ಎಂದೆ. ಪಂಚಮಿಗೆ ತವರು ಒಲ್ಲೆನೆಂದ ಹೆಣ್ಣನ್ನು ಅವನು ಎಲ್ಲಿ ನೋಡಿದ್ದ, ಪಾಪ. ಚಹಾ ಕೈಯಲ್ಲಿ ಹಿಡಿದು ಪಿಳಿಪಿಳಿ ನೋಡುತ್ತ ಕೂತ. ಅತ್ತೆ ಒಳಗೆ ಬಂದು ಯಾಕೆಂದು ಕೇಳಿದರು. ಇನ್ನು ಮುಚ್ಚಿಟ್ಟು ಏನು ಮಾಡಲಿ, ಅಳುತ್ತಲೇ ಹೇಳಿಬಿಟ್ಟೆ.

"ಹೋದ್ರ ನೀವು ತಿರುಗಿ ಕರಸಂಗಿಲ್ರಿ."

ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. ಆಮೇಲೆ ಪಡಸಾಲೆಗೆ ಹೋಗಿ ಅಣ್ಣನ ಮುಂದೆ ನಿಂತರು.

"ಹಬ್ಬ ಆದ ಮರುದಿನ ಕರಕೊಂಡು ಬಂದು ಬಿಡಪಾ. ಇಲ್ಲಂದ್ರ ನಾನ ಬಾದಾಮಿಗೆ ಬಂದು ಈಕಿ ಬಾಜೂಕ ಮಲಗ್ತೇನಿ. ಈಕಿ ಹಲ್ಲು ಕಡಿಯೂ ಸಪ್ಪಳ ಕೇಳ್ಲಿಲ್ಲಂದ್ರ ನನಗ ಈಗ ನಿದ್ದಿನ ಹತ್ತಂಗಿಲ್ಲ."