ಹಸಿರು ಅಕ್ಷರದ ಹೆಸರು

ಹಳೆಯ ಸರ್ವರಿನ ಮುಚ್ಚಳ ತೆಗೆದರೆ ಕಾದ ಧೂಳಿನ ವಾಸನೆ ಬರುತ್ತದೆ. ಜೆರಾಕ್ಸ್ ಯಂತ್ರದ ವಾಸನೆಯೂ ಹೆಚ್ಚುಕಡಿಮೆ ಅದೇ. ಕಳೆದ ವಾರ ಗೆಜ್ಜಲಗೆರೆಯ ನಮ್ಮ ಕಾರ್ಖಾನೆಯಲ್ಲಿ ಮೇಲ್ ಸರ್ವರ್ ಬದಲಾಯಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿದು ಮದ್ದೂರಿನ ಜೆರಾಕ್ಸ್ ಚಾಚಾ ನೆನಪಾದರು. ನೆನಪು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು...

ಕೆಲವು ವರ್ಷದ ಹಿಂದೆ ಬಸ್ ನಿಲ್ದಾಣದ ಪಕ್ಕದ ಓಣಿಯಲ್ಲಿ ಅವರ ಅಂಗಡಿ ಇತ್ತು. ಒಂದು ಜೆರಾಕ್ಸ್ ಯಂತ್ರ, ಒಂದು ಸ್ಕ್ಯಾನರ್, ಓಬೀರಾಯನ ಕಾಲದ ಒಂದು ಕಂಪ್ಯೂಟರ್. ಕಾಗದ ಪತ್ರವೆಲ್ಲ ಇನ್ನು ಮೇಲೆ ಈಮೇಲಿನಲ್ಲೇ ಬರಬೇಕು ಎಂದು ನಮ್ಮ ಆಫೀಸು ಆಗಷ್ಟೇ ಆಜ್ಞೆ ಹೊರಡಿಸಿತ್ತು. ಮಳವಳ್ಳಿ ಕಡೆಯಿಂದ ಬಂದು ಮದ್ದೂರಿನಲ್ಲಿ ಬಸ್ಸು ಬದಲಿಸುವ ಕಾರ್ಮಿಕರು ರಜೆ ಚೀಟಿ, ಡಾಕ್ಟರ ಸರ್ಟಿಫಿಕೇಟು, ಮಾರ್ಕ್ಸ್ ಕಾರ್ಡು, ಏನಿದ್ದರೂ ಚಾಚಾ ಕೈಗೆ ಕೊಟ್ಟು ಹೋಗುತ್ತಿದ್ದರು. ಸ್ಕ್ಯಾನ್ ಮಾಡಿ ಕಳಿಸುವವರು ಅವರು. ಇತ್ತ ಕಾರ್ಖಾನೆಯ ಕಂಪ್ಯೂಟರುಗಳ ಉಸ್ತುವಾರಿಯಲ್ಲಿ ಕೂತು ತಲೆ ಚಚ್ಚಿಕೊಳ್ಳುವವಳು ನಾನು.

ಯಾಕೆಂದರೆ ಅವರು ಕಳಿಸಿದ ಯಾವ ಕಾಗದವೂ ಕಾಗದವಾಗಿ ಬರುತ್ತಿರಲಿಲ್ಲ. ಎಲ್ಲವೂ ‘ವಿನ್‌ಮೇಲ್ ಡಾಟ್ ಡ್ಯಾಟ್’ ಎಂಬ ಒಂದೇ ಹೆಸರಿನ ಗಂಟಾಗಿ ಬರುತ್ತಿದ್ದವು. ಚಾಚಾ ಬಳಸುತ್ತಿದ್ದ ಮೇಲ್ ಪ್ರೋಗ್ರಾಮಿನಲ್ಲಿ ಅಕ್ಷರಕ್ಕೆ ಬಣ್ಣ ಹಚ್ಚಿದರೆ ಸಾಕು, ಅದು ಬರಹ, ಬಣ್ಣ, ಜೊತೆಗಿಟ್ಟ ಕಾಗದ ಎಲ್ಲವನ್ನೂ ಸೇರಿಸಿ ಗಂಟು ಕಟ್ಟಿಬಿಡುತ್ತಿತ್ತು. ಅದನ್ನು ಬಿಚ್ಚುವುದು ಅದೇ ಜಾತಿಯ ಪ್ರೋಗ್ರಾಮಿಗೆ ಮಾತ್ರ ಗೊತ್ತು; ನಮ್ಮಲ್ಲಿ ಅದಿರಲಿಲ್ಲ. ದಿನ ಬೆಳಗಾದರೆ ಇಪ್ಪತ್ತು ಗಂಟು. ಯಾವುದರಲ್ಲಿ ಯಾರ ಜ್ವರ, ಯಾರ ಮದುವೆ, ದೇವರೇ ಬಲ್ಲ.

ನನ್ನ ಮನೆಯೂ ಮದ್ದೂರೇ ಆದ್ದರಿಂದ ಸಂಜೆ ಬಸ್ಸಿಳಿದು ಎಷ್ಟೋ ಸಲ ಅಂಗಡಿಗೆ ಹೋಗಿ ಹೇಳಿದ್ದೇನೆ. ಸಾದಾ ಅಕ್ಷರ ಸಾಕು ಚಾಚಾ, ಬಣ್ಣ ಬೇಡ ಎಂದು ನಾನೇ ಕೂತು ಸೆಟ್ಟಿಂಗು ಬದಲಿಸಿ ಬಂದಿದ್ದೇನೆ. ಅವರು ಟೀ ತರಿಸಿಕೊಟ್ಟು ಎಲ್ಲದಕ್ಕೂ ತಲೆಯಾಡಿಸುವರು. ಮಾರನೆಯ ದಿನ ಮತ್ತೆ ಗಂಟು. ಒಮ್ಮೆ ರೇಗಿ, ಆ ಬಣ್ಣದಲ್ಲಿ ಅಂಥದ್ದೇನಿದೆ ಎಂದು ಕೇಳಿಯೇಬಿಟ್ಟೆ. ಕಾಗದ ಯಾರದೋ ಅವರ ಹೆಸರನ್ನು ಈಮೇಲಿನ ತಲೆಗೆ ದೊಡ್ಡ ಹಸಿರು ಅಕ್ಷರದಲ್ಲಿ ಬರೆಯುವುದು ಅವರ ಪದ್ಧತಿಯಂತೆ.

“ಎಸ್ರು ದೊಡ್ದಾಗಿರ್ಬೇಕು ಕಣಮ್ಮ,” ಅಂದರು. “ಫ್ಯಾಕ್ಟ್ರಿಲಿ ಇವ್ರಿಗೆ ನಂಬರ್ ಬುಟ್ರೆ ಎಸ್ರೆಲ್ಲದೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲೇ ಮಾರನೆಯ ದಿನ ಸರ್ವರಿಗೊಂದು ನಿಯಮ ಬರೆದೆ. ಈ ಗಂಟು ಇರುವ ಮೇಲು ಯಾರದೇ ಬರಲಿ, ಬೇರೆ ಕಡತಕ್ಕೆ ತಳ್ಳಿ ಬೀಗ ಹಾಕು. ಕಳಿಸಿದವರಿಗೂ ಹೇಳಬೇಡ, ನನಗೂ ಹೇಳಬೇಡ. ಕಾಗದ ತಲುಪಲಿಲ್ಲವೆಂದು ಒಂದಿಬ್ಬರು ಅಂಗಡಿಯಲ್ಲಿ ಜಗಳ ತೆಗೆದರೆ ಚಾಚಾ ತಾವಾಗಿಯೇ ದಾರಿಗೆ ಬರುತ್ತಾರೆ ಎಂದುಕೊಂಡೆ. ಬೆಳಿಗ್ಗೆ ಗಂಟಿಲ್ಲದ ಇನ್‌ಬಾಕ್ಸ್ ನೋಡಿ ಎಷ್ಟು ನೆಮ್ಮದಿಯಿಂದ ಕಾಫಿ ಕುಡಿದೆ ಎಂಬುದು ಈಗಲೂ ನೆನಪಿದೆ.

ಅದೇ ವಾರ ಗುತ್ತಿಗೆಯವರಲ್ಲಿ ಕೆಲವರನ್ನು ಕಾಯಂ ಮಾಡಲು ಅರ್ಜಿ ಕರೆದಿದ್ದರು. ಪ್ಯಾಕಿಂಗ್ ವಿಭಾಗದಲ್ಲಿ ಮಳವಳ್ಳಿ ಕಡೆಯ ಪೂರಿಗಾಲಿಯಿಂದ ಬರುವ ಹೆಂಗಸೊಬ್ಬಳಿದ್ದಳು. ವಯಸ್ಸಿನ ಮಿತಿ ದಾಟುವುದರಲ್ಲಿದ್ದ ಅವಳಿಗೆ ಅದೇ ಕೊನೆಯ ಅವಕಾಶ. ಅರ್ಜಿಯನ್ನು ಚಾಚಾ ಕೈಗೆ ಕೊಟ್ಟು, ಕೆಲಸ ಆಯಿತೆಂದು ನಿಶ್ಚಿಂತೆಯಿಂದ ಇದ್ದಳು. ಕೊನೆಯ ದಿನ ಕಳೆಯಿತು. ಬಂದ ಅರ್ಜಿಗಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳು ವಿಚಾರಿಸಿದ್ದಕ್ಕೆ ಆಫೀಸಿನವರು ನನ್ನನ್ನು ಕೇಳಿದರು. ನಾನು ಇನ್‌ಬಾಕ್ಸ್ ನೋಡಿ, ಬಂದಿಲ್ಲ ಎಂದೆ.

ಸುದ್ದಿ ತಿಳಿದು ಆವತ್ತೇ ಚಾಚಾ ಅಂಗಡಿಗೆ ಬೀಗ ಹಾಕಿಕೊಂಡು, ಅರ್ಜಿಯ ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕಾರ್ಖಾನೆ ಗೇಟಿಗೆ ಬಂದರು. ಒಂದು ದಿನ ತಡವಾಗಿತ್ತು.

“ನಾಕ್ ಸತಿ ಕಳ್ಸಿವ್ನಿ ಕಣಮ್ಮ. ನಿಮ್ ಕಡೆ ಒಸಿ ನೋಡಿ,” ಅಂದರು.

ನೋಡಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ನಾನು ಬರೆದ ನಿಯಮ ನೆನಪಾಗಿತ್ತು. ನಮ್ಮ ಕಡೆ ಏನೂ ತೊಂದರೆಯಿಲ್ಲ, ನಿಮ್ಮ ಯಂತ್ರದ್ದೇ ದೋಷ, ಬಣ್ಣ ಬೇಡ ಅಂದರೆ ಕೇಳಿದಿರಾ ಎಂದು ಗೇಟಿನಲ್ಲೇ ದಬಾಯಿಸಿಬಿಟ್ಟೆ. ಅವರು ಕವರನ್ನು ಎದೆಗೆ ಒತ್ತಿ ಹಿಡಿದರು. ಆಮೇಲೆ, ಅಂಗಾದ್ರೆ ನಂದೇ ತಪ್ಪಿರ್ಬೇಕು ಬುಡಿ ಎಂದು ಬಸ್ಸು ಹತ್ತಿದರು. ಸಂಜೆ ನಾನು ಯಾರಿಗೂ ತಿಳಿಯದಂತೆ ಆ ನಿಯಮ ಅಳಿಸಿದೆ. ಬೀಗ ಹಾಕಿದ ಕಡತವನ್ನು ತೆರೆದು ನೋಡಲಿಲ್ಲ. ನೋಡಿದರೆ ಬಾಯಿಬಿಡಬೇಕಾಗುತ್ತದೆ ಎಂದು ಹೆದರಿದೆ, ಅಷ್ಟೇ.

ಆಮೇಲೆ ಚಾಚಾ ಕಳಿಸಿದ ಮೇಲುಗಳೆಲ್ಲ ಸಾದಾ ಕಪ್ಪು ಅಕ್ಷರದಲ್ಲಿ, ಸಲೀಸಾಗಿ ತೆರೆದುಕೊಂಡವು. ಆದರೆ ಕಾಗದ ಕೊಡುವವರೇ ಕಡಿಮೆಯಾಗಿದ್ದರು. ಅವರ ಕೈಗೆ ಕೊಟ್ಟರೆ ತಲುಪುವುದಿಲ್ಲ ಎಂಬ ಮಾತು ಮಳವಳ್ಳಿ ಬಸ್ಸಿನಲ್ಲೆಲ್ಲ ಹಬ್ಬಿತ್ತು. ನಾನೂ ಓಣಿ ತಪ್ಪಿಸಿ ಬೇರೆ ದಾರಿಯಲ್ಲಿ ಮನೆಗೆ ಹೋಗತೊಡಗಿದೆ. ಒಂದು ದಿನ ಅಂಗಡಿಯ ಬೋರ್ಡು ಇಳಿದಿತ್ತು. ಮಂಡ್ಯದಲ್ಲಿ ತಂಗಿಯ ಮನೆ ಸೇರಿಕೊಂಡರಂತೆ. ಎರಡು ವರ್ಷದ ಹಿಂದೆ ತೀರಿಕೊಂಡರು ಎಂದು ಯಾರೋ ಬಸ್ಸಿನಲ್ಲಿ ಮಾತಾಡಿಕೊಂಡದ್ದು ಕಿವಿಗೆ ಬಿತ್ತು...

ಈಗ ಹೊಸ ಸರ್ವರಿಗೆ ಗಂಟು ಬಿಚ್ಚುವ ಒಂದು ಪುಟ್ಟ ಪ್ರೋಗ್ರಾಂ ಹಾಕಿದ್ದೇನೆ. ಮೇಲು ಬಂದ ಕೂಡಲೇ ತಾನೇ ಬಿಚ್ಚಿ ಒಳಗಿನ ಕಾಗದವನ್ನು ಹೊರಗಿಡುತ್ತದೆ. ಹಾಕಲು ಅರ್ಧ ದಿನ ಸಾಕಾಯಿತು. ಆಗಲೂ ಅದು ಪುಕ್ಕಟೆ ಸಿಗುತ್ತಿತ್ತು. ಹುಡುಕುವ ವ್ಯವಧಾನ ನನಗಿರಲಿಲ್ಲ, ಚಾಚಾ ಅವರನ್ನು ತಿದ್ದುವ ಹಟವೊಂದೇ ಇದ್ದದ್ದು. ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಆ ಹಳೆಯ ಕಡತವನ್ನೇ ಅದಕ್ಕೆ ಕೊಟ್ಟೆ.

ಪೂರಿಗಾಲಿಯವಳ ಅರ್ಜಿ ನಾಲ್ಕು ಸಲ ಬಂದಿತ್ತು. ನಾಲ್ಕೂ ಕೊನೆಯ ದಿನದೊಳಗೇ. ಉತ್ತರ ಬಾರದ್ದಕ್ಕೆ, ಯಾರ ಕಣ್ಣಿಗೂ ಬೀಳಲಿಲ್ಲವೇನೋ ಎಂದುಕೊಂಡು ಚಾಚಾ ಪ್ರತಿ ಸಲವೂ ಅವಳ ಹೆಸರನ್ನು ಇನ್ನಷ್ಟು ದೊಡ್ಡದು ಮಾಡಿದ್ದರು. ನಾಲ್ಕನೆಯದರಲ್ಲಿ ಹೆಸರೇ ಪರದೆ ತುಂಬಿತ್ತು. ಅದರ ಕೆಳಗೆ, ಸಣ್ಣದಾಗಿ: “ತೆರೆಯದಿದ್ದರೆ ಒಂದು ಮಾತು ತಿಳಿಸಿ ಅಮ್ಮ. ನಾನೇ ತಂದು ಕೊಡುತ್ತೇನೆ.”

ನಡೆದದ್ದನ್ನು ಆಫೀಸಿಗೆ ಬರೆದು ಕೊಟ್ಟಿದ್ದೇನೆ. ಏನು ಮಾಡುತ್ತಾರೋ ಗೊತ್ತಿಲ್ಲ. ನಾಲ್ಕನ್ನೂ ಬಣ್ಣದಲ್ಲೇ ಪ್ರಿಂಟು ತೆಗೆದು ಅವಳ ಹತ್ತಿರ ಹೋದೆ. ಅವಳು ಇಂದಿಗೂ ಗುತ್ತಿಗೆಯಲ್ಲೇ ಇದ್ದಾಳೆ. ತಪ್ಪು ನನ್ನದು, ಚಾಚಾ ಅವರದಲ್ಲ ಎಂದು ಎಲ್ಲ ಹೇಳಿದೆ. ಬೈಯುತ್ತಾಳೆ ಎಂದು ಕಾದೆ; ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು.

“ನಂದಂಗಿರ್ಲಿ,” ಅಂದಳು. “ಆಗ ನಾನು ಅಂಗ್ಡಿ ಬಾಗ್ಲಲ್ಲಿ ನಿಂತ್ಕಂಡು ಬಾಯಿಗ್ ಬಂದಂಗ್ ಬೈದಿದ್ನಲ್ಲ, ಚಾಚಾ ಒಂದ್ ಮಾತೂ ತಿರುಗ್ಸಿ ಆಡ್ಲಿಲ್ಲ. ಇದ್ನ ಆವಯ್ಯಂಗೆ ತೋರಿಸ್ಬೇಕಿತ್ತು, ನಂಗಲ್ಲ.”

ನಾಲ್ಕನೆಯ ಹಾಳೆಯನ್ನು ಮಾತ್ರ ಮಡಚಿ ಊಟದ ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಮಿಕ್ಕ ಮೂರು ನನ್ನ ಮೇಜಿನ ಮೇಲಿವೆ.