ವೇದವತಿ ಬಿಟ್ಟದ್ದು, ಇಟ್ಟುಕೊಂಡದ್ದು

ನಾಚಾರಂನ ಆ ಐದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಯಾರ ಮಗು ಊಟ ಬಿಟ್ಟರೂ, ಯಾರ ಮಗ ಮೊಬೈಲು ಬಿಡದಿದ್ದರೂ ಮೊದಲು ಫೋನು ಬರುವುದು ವೇದವತಿಗೆ. ಡಾಕ್ಟರಿಗೆ ಆಮೇಲೆ. ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ಆಕೆಗೆ ಅಭಿಪ್ರಾಯವಿಲ್ಲದ ಸಂಗತಿಯೇ ಇರಲಿಲ್ಲ. ಆರನೇ ಕ್ಲಾಸಿಗೇ ಮಕ್ಕಳನ್ನು ಐಐಟಿ ಕೋಚಿಂಗಿಗೆ ನೂಕುವವರನ್ನು ಕಂಡರೆ ಸಿಡಿಮಿಡಿಗುಟ್ಟುವಳು. ಗಂಡುಮಕ್ಕಳು ಉಂಡ ತಟ್ಟೆಯನ್ನು ತಾವೇ ತೊಳೆಯಬೇಕೆಂಬುದು ಆಕೆಯ ಕಾಯಿದೆ, ಅದು ಗಂಡ ಜಯತೀರ್ಥನಿಗೂ ಲಾಗೂ. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ನಲವತ್ತು ಜನರಿಗೆ ಸಾಹೇಬನಾದವನು ಮನೆಯಲ್ಲಿ ತಟ್ಟೆ ತೊಳೆದು ಬೋರಲು ಹಾಕಿ, "ಸ್ವಚ್ಛ ಆಗ್ಯದೇನು, ಒಮ್ಮೆ ನೋಡು" ಎಂದು ಹೆಂಡತಿಯಿಂದ ಪಾಸು ಮಾಡಿಸಿಕೊಳ್ಳುತ್ತಿದ್ದ.

ತಿಂಗಳ ಮೊದಲ ಶನಿವಾರ ಕೆಳಗಿನ ಹಾಲಿನಲ್ಲಿ ತಾಯಂದಿರ ಸಭೆ. ಶುರು ಮಾಡಿದವಳೂ ವೇದವತಿ, ಹೆಚ್ಚು ಮಾತಾಡುವವಳೂ ವೇದವತಿ. ಅರ್ಧ ಹಿಂದಿ, ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ಕಲಬುರಗಿ. ಭಾಷೆ ಯಾವುದಾದರೂ ಹೆಂಗಸರು ತಲೆದೂಗುತ್ತಿದ್ದರು. ತಲೆದೂಗದವರನ್ನು ಆಕೆ ಬೇಗ ಮನೆಗೆ ಬಿಡುತ್ತಿರಲಿಲ್ಲ ಎಂಬುದೂ ಒಂದು ಕಾರಣ.

ಆ ತಿಂಗಳ ವಿಷಯ ಹಾಫ್ ಸಾರಿ ಫಂಕ್ಷನ್. ಹುಡುಗಿ ದೊಡ್ಡವಳಾದರೆ ಈ ತೆಲುಗು ಸೀಮೆಯಲ್ಲಿ ಮದುವೆಯಷ್ಟೇ ಜೋರಾಗಿ ಮಾಡುವ ಸಮಾರಂಭ ಅದು. ಮೂರನೇ ಮಹಡಿಯ ಪಿಂಕಿಗೆ ಭಾನುವಾರವಷ್ಟೇ ಆಗಿತ್ತು. ಕಾಲೊನಿಯ ಕಮಾನಿನಷ್ಟು ಎತ್ತರದ ಫ್ಲೆಕ್ಸಿ ಬ್ಯಾನರು, ಫಂಕ್ಷನ್ ಹಾಲು, ಮುನ್ನೂರು ಜನ, ತಲೆಯ ಮೇಲೆ ಗುಂಯ್‌ಗುಡುವ ಡ್ರೋನ್. ವೇದವತಿ ಹೊಟ್ಟೆ ತುಂಬ ಉಂಡು, ಪಾನ್ ಹಾಕಿಕೊಂಡು ಮನೆಗೆ ಬಂದು, ಇದೊಂದು ಸಾಮಾಜಿಕ ಪಿಡುಗು ಎಂದು ತೀರ್ಮಾನಿಸಿದಳು.

ಮರುದಿನ ಬೆಳಿಗ್ಗೆ ಮಗಳು ಶರ್ವರಿ ಹಾಲಿನ ಲೋಟ ಕೆಳಗಿಟ್ಟು ಹೇಳಿದಳು: "ಅಮ್ಮಾ, ನನಗೂ ಫಂಕ್ಷನ್ ಬೇಕು."

ಶರ್ವರಿಗೆ ಹದಿಮೂರು. ಆಕೆ ದೊಡ್ಡವಳಾಗಿ ಆಗಲೇ ವರ್ಷವಾಗಿತ್ತು. ಆಗ ಅಜ್ಜಿ ಗಂಗೂಬಾಯಿಯವರು, ನಾಲ್ಕು ಮುತ್ತೈದೆಯರನ್ನು ಕರೆದು ಆರತಿ ಎತ್ತೋಣ, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡೋಣ ಎಂದಿದ್ದರು. "ಏನೂ ಬ್ಯಾಡ್ರಿ ಅತ್ತೆ, ಇದೇನು ಊರಿಗೆ ಡಂಗುರ ಹೊಡೆಯೋ ವಿಷಯ ಅಲ್ಲ" ಎಂದು ವೇದವತಿ ತಡೆದಿದ್ದಳು. ಅದನ್ನು ತಾಯಂದಿರ ಸಭೆಯಲ್ಲಿ ಎರಡು ಸಲ ಹೇಳಿಕೊಂಡೂ ಇದ್ದಳು.

ಈಗ ಅದೇ ಮಗಳು ಫಂಕ್ಷನ್ ಕೇಳುತ್ತಿದ್ದಾಳೆ. ಅದೂ ಪಿಡುಗಿನ ಭಾಷಣ ಐದು ದಿನ ದೂರವಿರುವಾಗ. ವೇದವತಿ ಆಮಿಷಗಳ ಪಟ್ಟಿ ತೆಗೆದಳು. ಸೈಕಲ್ ಕೊಡಿಸುತ್ತೇನೆ ಎಂದಳು. ಬೇಡ. ಸ್ವಿಮ್ಮಿಂಗ್ ಕ್ಲಾಸ್. ಅದೂ ಬೇಡ. ಹಂಪಿ ಪ್ರವಾಸ. ಅದಂತೂ ಬೇಡವೇ ಬೇಡ. ಜಯತೀರ್ಥ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿ ಕ್ರೀಡಾ ಪುಟದಲ್ಲಿ ಅಡಗಿದ.

"ಡ್ರೋನ್ ಬೇಕಾಗ್ಯದೇನು ನಿನಗ?"

"ಡ್ರೋನ್ ಬ್ಯಾಡ."

"ಲೆಹಂಗಾ?"

"ಬ್ಯಾಡ. ಫಂಕ್ಷನ್ ಬೇಕು."

ಇನ್ನು ಆ ಮನೆಯ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಗಂಗೂಬಾಯಿಯವರದು ಕಟ್ಟಾ ಮಡಿ. ಹದಿನೈದು ವರ್ಷದ ಹಿಂದೆ ವೇದವತಿ ಸೊಸೆಯಾಗಿ ಬಂದಾಗ, ಮೊದಲ ತಿಂಗಳೇ ಅತ್ತೆ ಬಾಲ್ಕನಿ ಬದಿಯ ಕೋಣೆಯನ್ನು ಕಣ್ಣಲ್ಲೇ ತೋರಿಸಿದ್ದರು. ಮೂರು ದಿನ ಹೊರಗೆ. ಅಡಿಗೆಮನೆ ಇಲ್ಲ, ದೇವರಮನೆ ಇಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಎಂ.ಎಸ್ಸಿ. ಓದಿದ ಹುಡುಗಿ, ಹೊಸತರಲ್ಲಿ ಬೇಡ, ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡಳು. ಆ ಮುಂದಿನ ತಿಂಗಳು ಇನ್ನೂ ಬಂದಿರಲಿಲ್ಲ. ಮಗಳ ಸರದಿ ಬಂದಾಗ ವೇದವತಿ ಒಂದು ಸುಧಾರಣೆ ಮಾಡಿದಳು. ಚಾಪೆ ತೆಗೆದು ಗಾದಿ ಹಾಕಿಸಿ, 'ಹೊರಗೆ' ಎನ್ನುವುದನ್ನು ಬಿಟ್ಟು 'ರೆಸ್ಟ್' ಎಂದು ಹೆಸರಿಟ್ಟಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಗುರುವಾರ ಶರ್ವರಿಗೆ ರೆಸ್ಟಿನ ಎರಡನೇ ದಿನ. ಸ್ಕೂಲಿಗೆ ಹೋಗಿ ಬರಲು ಅಡ್ಡಿಯಿಲ್ಲ, ಬಂದ ಮೇಲೆ ಮಾತ್ರ ಕೋಣೆ. ನಾಲ್ಕು ಗಂಟೆಗೆ ಆಕೆ ಹೊಸ್ತಿಲ ಒಳಗೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಗಂಗೂಬಾಯಿಯವರು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ವೇದವತಿ ಎಡಗೈಯಲ್ಲಿ ಭಾಷಣದ ಹಾಳೆ, ಬಲಗೈಯಲ್ಲಿ ರೊಟ್ಟಿ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದಳು. ಕೇಳುಗರು ಬೇರೆ ಯಾರೂ ಸಿಗದಿದ್ದಾಗ ಆಕೆ ಮಗಳ ಮುಂದೆಯೇ ಅಭ್ಯಾಸ ಮಾಡುವುದು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಹಿಂದಿಗೆ ತಿರುಗಿಸುವುದು ಆಕೆಯ ಪದ್ಧತಿ.

"ಸಹೋದರಿಯರೇ, ಇದು ದೇಹದ ಸಹಜ ಕ್ರಿಯೆ. ಇದಕ್ಕೆ ಫ್ಲೆಕ್ಸಿ ಬೇಕಾಗಿಲ್ಲ. ಇದರಲ್ಲಿ ಹೆಮ್ಮೆಪಡುವಂಥದೂ ಇಲ್ಲ, ನಾಚಿಕೆಪಡುವಂಥದಂತೂ ಮೊದಲೇ ಇಲ್ಲ" ಎಂದು ಓದುತ್ತ, ತಟ್ಟೆಗೆ ಬೆರಳು ತಗಲದ ಹಾಗೆ ಮೊಳದ ಎತ್ತರದಿಂದ ರೊಟ್ಟಿ ಬಿಟ್ಟಳು.

ರೊಟ್ಟಿ ತಟ್ಟೆಯ ಅಂಚಿಗೆ ಬಡಿದು ನೆಲಕ್ಕೆ ಬಿತ್ತು.

ಶರ್ವರಿ ಅದನ್ನು ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ನಕ್ಕಳು, ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ಅಮ್ಮಾ, ಒಂದು ಕೇಳ್ಲೇನು? ಆರತಿ ಹಳೇ ಕಾಲದ್ದು ಅಂತ ನೀ ಬಿಟ್ಟಿ. ಈ ಕೋಣಿ ಯಾಕ ಬಿಡಲಿಲ್ಲ?"

ವೇದವತಿ ಹಾಳೆಯಲ್ಲಿ ಉತ್ತರ ಹುಡುಕತೊಡಗಿದಳು. ಶರ್ವರಿಯೇ ಮುಂದುವರಿಸಿದಳು:

"ಪಿಂಕಿ ಫಂಕ್ಷನ್‌ದಾಗ ಆಕಿ ಅಜ್ಜಿ ಎಲ್ಲಾರ ಮುಂದ ಆಕಿ ಗಲ್ಲ ಹಿಡಿದು ಅರಿಷಿಣ ಹಚ್ಚಿದ್ಳು. ನಮ್ಮ ಅಜ್ಜಿ ಈ ದಿನದಾಗ ನನ್ನ ಕಡೆ ಸೆರಗು ಸುದ್ದಾ ತಾಗಿಸಂಗಿಲ್ಲ. ಫಂಕ್ಷನ್ ಮಾಡಿದ್ರ ಅಜ್ಜಿ ಆ ಒಂದು ದಿನ ಆದ್ರೂ ಮುಟ್ಟಬೇಕಾಗ್ತದಲ್ಲ. ಅದಕ್ಕ ಕೇಳ್ದೆ. ನನಗ ಡ್ರೋನ್ ಏನ್ ಮಾಡೋದದ?"

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ವೇದವತಿಗೆ ನಾಚಿಕೆಯಾಯಿತು. ಸಭೆಯಲ್ಲಿ ಇಲ್ಲವೆಂದು ಸಾರಲು ಹೊರಟಿದ್ದ ನಾಚಿಕೆಯಲ್ಲ, ಬೇರೆಯದು. ನಾಲ್ಕು ಜನ ಕೂಡಿ ಹರಸುವ ಆರತಿಯನ್ನು ಕಿತ್ತೆಸೆದು ಸುಧಾರಕಿ ಎನಿಸಿಕೊಂಡಿದ್ದಳು, ಯಾಕೆಂದರೆ ಅದನ್ನು ಬಿಡುವುದು ಸುಲಭವಿತ್ತು. ಕೋಣೆಯ ಮಾತೆತ್ತಬೇಕಾದರೆ ಅತ್ತೆಯ ಮುಖ ನೋಡಿ ಮಾತಾಡಬೇಕಿತ್ತು. ಮಗಳ ಪಾಲಿನ ಸಿಹಿ ತೆಗೆದು ಕಹಿಯನ್ನಷ್ಟೇ ಬಡಿಸಿದ್ದಳು. ಇಡೀ ಅಪಾರ್ಟ್‌ಮೆಂಟಿಗೆ ಬುದ್ಧಿ ಹೇಳಿದವಳು ತನ್ನ ಅಡಿಗೆಮನೆಯಲ್ಲಿ ಹದಿನೈದು ವರ್ಷ ತುಟಿ ಬಿಚ್ಚಿರಲಿಲ್ಲ.

ಹಾಳೆಯನ್ನು ಅಲ್ಲೇ ಇಟ್ಟು ಅಡಿಗೆಮನೆಗೆ ಹೋದಳು. ಗಂಗೂಬಾಯಿಯವರು ಹೆಂಚಿನ ಮೇಲಿನ ರೊಟ್ಟಿ ಕರಿಯಾಗುವುದನ್ನು ನೋಡುತ್ತ ನಿಂತಿದ್ದರು. ವೇದವತಿ ಒಲೆ ಆರಿಸಿದಳು.

"ಅತ್ತೆ, ನಿಮಗ ಒಂದು ಮಾತು ಹೇಳಬೇಕು. ಆ ಕೋಣಿ ನನಗ ಎಂದೂ ಸೇರಿಲ್ರಿ. ಬಂದ ದಿನದಿಂದ ಸೇರಿಲ್ಲ. ಶರ್ವರಿನ್ನ ಇನ್ನ ಅಲ್ಲಿ ಕೂಡಿಸಂಗಿಲ್ಲ ನಾ."

ಗಂಗೂಬಾಯಿಯವರು ಹಿಟ್ಟಿನ ಕೈಯನ್ನು ನಿಧಾನವಾಗಿ ತೊಳೆದುಕೊಂಡರು.

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನಿಮ್ಮ ಹೆದರಿಕಿರಿ."

"ನಂದಾ?" ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಕೆಳಗ ಹಾಲಿನ್ಯಾಗ ನೀ ಮಾತಾಡೂದು ಎರಡನೇ ಮಾಳಿಗೀಗೆ ಕೇಳಸ್ತದ. ನಾನೇ ನಿನಗ ಹೆದರೀನಿ. ಮೂರು ದಿನ ಕೆಲಸ ಇಲ್ದ ಪುಸ್ತಕ ಹಿಡಕೊಂಡು ಕೂಡ್ತಿದ್ದಿ, ನಿನಗ ಅದು ಭಾಳ ಸೇರ್ತದ ಅಂತ ತಿಳಕೊಂಡಿದ್ದೆ. ತಪ್ಪಿಸಿದ್ರ ಎಲ್ಲಿ ಸಿಟ್ಟಾಗ್ತಿ ಅಂತ ಸುಮ್ಮನಿದ್ದೆ."

ವೇದವತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪುಸ್ತಕ ಹಿಡಿದು ಕೂತದ್ದು ನಿಜವೇ ಇತ್ತು.

"ನನಗೂ ಸೇರ್ತಿರಲಿಲ್ಲ" ಎಂದರು ಗಂಗೂಬಾಯಿ, ಕೈ ಒರೆಸಿಕೊಳ್ಳುತ್ತ. "ನಮ್ಮ ಮನಿಯಾಗ ದನದ ಕೊಟಗಿ ಪಕ್ಕಕ್ಕ ಕೂಡಿಸ್ತಿದ್ರು. ನಾ ನಮ್ಮ ಅತ್ತೀಗೆ ಹೆದರಿ ಹೇಳಲಿಲ್ಲ, ನೀ ನನಗ ಹೆದರಿ ಹೇಳಲಿಲ್ಲ. ಈಕಿ ಒಬ್ಬಾಕಿ ಹೇಳಿದ್ಳು ನೋಡು."

ಎಂಬತ್ತರ ಹತ್ತಿರದ ಮೊಣಕಾಲು. ಗೋಡೆ ಹಿಡಿದು ಮೆಲ್ಲಗೆ ನಡೆಯುತ್ತ ಅವರು ಆ ಕೋಣೆಯ ಬಾಗಿಲಿಗೆ ಬಂದರು. ಶರ್ವರಿ ಗಾಬರಿಯಾಗಿ ಗಾದಿಯ ಆಚೆ ಬದಿಗೆ ಸರಿದಳು.

"ಅಜ್ಜಿ, ಇವತ್ತ ಇನ್ನ ಎರಡನೇ ದಿನ."

"ನನಗೂ ಎಣಸಲಿಕ್ಕೆ ಬರ್ತದ. ಈ ಕಡೆ ಸರಿ."

ಒಳಗೆ ಹೋಗಿ ಗಾದಿಯ ಮೇಲೆ ಕೂತು, ಮೊಮ್ಮಗಳ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದರು. ಕೈ ಇನ್ನೂ ಒದ್ದೆಯಿತ್ತು. ಆ ಗಲ್ಲವನ್ನೇ ಸವರುತ್ತ ಕೂತರು. ಶರ್ವರಿ ಅವರ ಮಡಿಲಿಗೆ ತಲೆಯಿಟ್ಟು ಬಿಕ್ಕಿದಳು. ಮಡಿಸೀರೆ ಮುದ್ದೆಯಾಯಿತು.

ವೇದವತಿ ನೋಡುತ್ತ ನಿಂತಿದ್ದಳು. ಕಣ್ಣು ತುಂಬಿತ್ತು, ಸಮಾಧಾನವೂ ಆಗಿತ್ತು. ಹೇಳಬೇಕಾದ್ದನ್ನು ಹೇಳಿಯಾಯಿತಲ್ಲ ಎಂದು ತನ್ನ ಮೇಲೆ ತುಸು ಮೆಚ್ಚುಗೆಯೂ ಹುಟ್ಟತೊಡಗಿತ್ತು. ಆಗ ಅತ್ತೆ ತಲೆಯೆತ್ತಿ ಆಕೆಯ ಕಾಲಿನ ಕಡೆ ನೋಡಿದರು.

"ನೀ ಯಾಕ ಇನ್ನ ಅಲ್ಲೇ ನಿಂತಿ?"

ವೇದವತಿ ಬಗ್ಗಿ ನೋಡಿಕೊಂಡಳು. ಆಕೆಯ ಎರಡೂ ಪಾದ ಹೊಸ್ತಿಲ ಈಚೆಗೇ ಇದ್ದವು.